ದೇಶದ ಲೆಕ್ಕ, ತಾಲೂಕಿನ ಲೆಕ್ಕ: ಇಬ್ಬರು ಅರ್ಥಶಾಸ್ತ್ರಜ್ಞರು ಕಲಿಸಿದ್ದು

(ಶಾಲೆಯ ಸುವರ್ಣ ಮಹೋತ್ಸವದ ವಿಶೇಷ ಉಪನ್ಯಾಸದ ಪಠ್ಯ)



ಐವತ್ತು ವರ್ಷ ತುಂಬಿದ ಶಾಲೆಯಲ್ಲಿ ನಿಂತು ಮಾತಾಡುವುದು ಸುಲಭವಲ್ಲ. ಹಳೆಯ ನೆನಪು ಹೇಳಿ ಕೆಳಗಿಳಿದರೆ ನಿಮಗೂ ಸಂತೋಷ, ನನಗೂ ಹಗುರ. ಆದರೆ ಸಮಿತಿಯವರು, "ಸರ್, ನೀವು ಇಷ್ಟು ವರ್ಷ ಅರ್ಥಶಾಸ್ತ್ರ ಕಲಿಸೀರಿ. ಅದರೊಳಗಿನ ಒಂದು ಮಾತು ನಮ್ಮ ಮಕ್ಕಳಿಗೆ ತಿಳಿಯೋ ಹಂಗ ಹೇಳ್ರಿ" ಎಂದು ಕೇಳಿದರು. ಹಾಗಾಗಿ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಅದನ್ನು ಹೇಳುವುದಕ್ಕೆ ಇಬ್ಬರು ಅರ್ಥಶಾಸ್ತ್ರಜ್ಞರ ನೆರವು ಪಡೆಯುತ್ತೇನೆ. ಒಬ್ಬರು ಡಾ. ವಿ.ಕೆ.ಆರ್.ವಿ. ರಾವ್, ಇನ್ನೊಬ್ಬರು ಡಾ. ಡಿ.ಎಂ. ನಂಜುಂಡಪ್ಪ. ಮೊದಲನೆಯವರು ದೇಶದ ಲೆಕ್ಕ ಮಾಡಿದರು, ಎರಡನೆಯವರು ತಾಲೂಕಿನ ಲೆಕ್ಕ ಮಾಡಿದರು. ಮೂರನೆಯ ಲೆಕ್ಕವೊಂದು ಬಾಕಿ ಇದೆ. ಅದನ್ನು ಮಾಡಬೇಕಾದವರು ಯಾರೆಂದು ಕೊನೆಗೆ ಹೇಳುತ್ತೇನೆ.

ನನ್ನ ಅಪ್ಪ ಇಲ್ಲಿಯ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಎಂ.ಎ. ಓದಲು ಧಾರವಾಡಕ್ಕೆ ಹೊರಟಾಗ ಕೇಳಿದರು: "ಅರ್ಥಶಾಸ್ತ್ರ ಅಂದ್ರ ಏನೋ? ರೊಕ್ಕ ಗಳಸೋದು ಕಲಸ್ತಾರೇನು?" "ಇಲ್ಲಪ್ಪಾ, ರೊಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋತು ಅನ್ನೋದು ಕಲಸ್ತಾರ" ಎಂದೆ. ಅಪ್ಪ ನಕ್ಕರು. "ಅದು ನಿಮ್ಮವ್ವಗ ಗೊತ್ತೈತಿ. ಪಗಾರ ಎಲ್ಲಿಂದ ಬಂತು, ಎಲ್ಲಿಗೆ ಹೋತು ಅಕಿನ್ನ ಕೇಳು" ಎಂದರು.

ಮನೆಯ ಲೆಕ್ಕ ಅವ್ವನಿಗೆ ಗೊತ್ತು. ಆದರೆ ಇಡೀ ಊರಿನ, ಇಡೀ ದೇಶದ ಅವ್ವಂದಿರ ಲೆಕ್ಕಗಳನ್ನೆಲ್ಲ ಕೂಡಿಸಿದರೆ ಏನು ಬರುತ್ತದೆ? ಅದನ್ನು ಅರಿಯುವ ಶಾಸ್ತ್ರಕ್ಕೆ ಸಮಗ್ರ ಅರ್ಥಶಾಸ್ತ್ರ ಎನ್ನುತ್ತಾರೆ. ದೇಶದ ಒಟ್ಟು ಆದಾಯ, ಒಟ್ಟು ಉದ್ಯೋಗ, ಬೆಲೆಗಳ ಏರಿಕೆ, ಸರಕಾರದ ಆಯವ್ಯಯ ಇವೆಲ್ಲ ಅದರ ವಿಷಯ.

ಮೊದಲು ಒಂದು ಸಣ್ಣ ಪಾಠ. ನಮ್ಮ ಘಟಪ್ರಭೆಯನ್ನೇ ತೆಗೆದುಕೊಳ್ಳಿ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ತುಂಬಿದಾಗ 51 ಟಿಎಂಸಿ ನೀರು ನಿಲ್ಲುತ್ತದೆ. ಅದು ಸಂಗ್ರಹ. ಧೂಪದಾಳದಿಂದ ಕಾಲುವೆಗೆ ಬಿಡುವ ನೀರು, ಮಳೆಗಾಲದಲ್ಲಿ ನಮ್ಮ ಫಾಲ್ಸ್‌ನಲ್ಲಿ ಧುಮುಕುವ ನೀರು, ಇದು ಹರಿವು. "ಇಷ್ಟು ನೀರಿದೆ" ಎಂದು ಹೇಳುವುದು ಸಂಗ್ರಹದ ಮಾತು. "ದಿನಕ್ಕೆ ಇಷ್ಟು ನೀರು ಬರುತ್ತದೆ" ಎನ್ನುವುದು ಹರಿವಿನ ಮಾತು. ಸಂಪತ್ತು ಜಲಾಶಯದಂತೆ, ಆದಾಯ ಕಾಲುವೆಯಂತೆ. ಹೊಲ, ಮನೆ, ಬಂಗಾರ ಸಂಪತ್ತು. ತಿಂಗಳ ಪಗಾರ, ಕಬ್ಬಿನ ಬಿಲ್ಲು, ಹಾಲಿನ ಡೇರಿಯ ಬಟವಾಡೆ ಆದಾಯ. ದೇಶದ ಆದಾಯ ಅಳೆಯಬೇಕಾದರೆ ವರ್ಷವಿಡೀ ಹರಿದದ್ದನ್ನು ಅಳೆಯಬೇಕು. ಹರಿಯುವುದನ್ನು ಅಳೆಯುವುದು ನಿಂತದ್ದನ್ನು ಅಳೆಯುವುದಕ್ಕಿಂತ ಕಷ್ಟ.

ಈ ಕಷ್ಟದ ಕೆಲಸಕ್ಕೆ ಬ್ರಿಟಿಷರ ಕಾಲದಲ್ಲೇ ಕೈಹಾಕಿದವರಲ್ಲಿ ವಿ.ಕೆ.ಆರ್.ವಿ. ರಾವ್ ಪ್ರಮುಖರು. 1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಜಾನ್ ಮೇನಾರ್ಡ್ ಕೇನ್ಸ್ ಅವರ ಬಳಿ ಕಲಿತರು. ಭಾರತೀಯನೊಬ್ಬನ ವರ್ಷದ ಆದಾಯ ಎಷ್ಟು ಎಂಬುದಕ್ಕೆ ಆಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಿದ್ದರು. ದಾದಾಭಾಯಿ ನವರೋಜಿ ಅವರು ಬಹಳ ಹಿಂದೆಯೇ, 1867-68ಕ್ಕೆ ಸಂಬಂಧಿಸಿ, ತಲೆಗೆ 20 ರೂಪಾಯಿ ಎಂದು ಲೆಕ್ಕ ಹಾಕಿ ಬ್ರಿಟಿಷರ ಮುಂದಿಟ್ಟಿದ್ದರು. ರಾವ್ ಅವರು 1931-32ನೆಯ ವರ್ಷವನ್ನು ಆಯ್ದುಕೊಂಡು, ಬ್ರಿಟಿಷ್ ಭಾರತದ ತಲಾ ಆದಾಯ ವರ್ಷಕ್ಕೆ ಸುಮಾರು 62 ರೂಪಾಯಿ ಎಂದು ತೋರಿಸಿದರು. ತಿಂಗಳಿಗೆ ಐದು ರೂಪಾಯಿಯ ಆಸುಪಾಸು.

ಮಕ್ಕಳೇ, ಆ 62 ಎಂಬ ಅಂಕಿಯ ಹಿಂದೆ ಎಷ್ಟು ದುಡಿಮೆ ಇದೆ ನೋಡಿ. ಬೆಳೆ, ದನಕರು, ಅರಣ್ಯ, ಗಣಿ ಇವುಗಳಲ್ಲಿ ಎಷ್ಟು ಉತ್ಪನ್ನವಾಯಿತೆಂದು ಅಳೆದು ಬೆಲೆ ಕಟ್ಟಿದರು. ಕೈಗಾರಿಕೆ, ವ್ಯಾಪಾರ, ನೌಕರಿಗಳಲ್ಲಿ ಉತ್ಪನ್ನ ಅಳೆಯಲು ಬರುವುದಿಲ್ಲ. ಅಲ್ಲಿ ಜನಗಣತಿಯಿಂದ ಯಾವ ಕಸುಬಿನವರು ಎಷ್ಟು ಮಂದಿ ಎಂದು ತೆಗೆದುಕೊಂಡು, ಅವರ ಆದಾಯವನ್ನು ಅಂದಾಜಿಸಿದರು. ಎರಡೂ ದಾರಿಗಳನ್ನು ಒಂದು ಲೆಕ್ಕದಲ್ಲಿ ಕೂಡಿಸಿದ್ದು ಅವರ ಹೆಗ್ಗಳಿಕೆ. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಆದಾಯ ಸಮಿತಿ ನೇಮಿಸಿತು. ಪಿ.ಸಿ. ಮಹಾಲನೋಬಿಸ್ ಅಧ್ಯಕ್ಷರು. ಡಿ.ಆರ್. ಗಾಡಗೀಳ್ ಮತ್ತು ರಾವ್ ಸದಸ್ಯರು. ಇಂದು ಟಿವಿಯಲ್ಲಿ ಜಿಡಿಪಿ ಶೇಕಡಾ ಇಷ್ಟು ಬೆಳೆಯಿತು ಎಂದು ಕೇಳುತ್ತೀರಲ್ಲ, ಆ ಲೆಕ್ಕದ ಬೇರು ಅಲ್ಲಿದೆ.

ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ನಮ್ಮ ಗೋಕಾಕದ ಕರದಂಟನ್ನೇ ಉದಾಹರಣೆಗೆ ನೋಡೋಣ. ರೈತ ಕಬ್ಬನ್ನು 20 ರೂಪಾಯಿಗೆ ಮಾರಿದ ಎನ್ನೋಣ. ಗಾಣದವನು ಅದರಿಂದ ಬೆಲ್ಲ ಮಾಡಿ 35ಕ್ಕೆ ಮಾರಿದ. ಕರದಂಟಿನ ಅಂಗಡಿಯವರು ಆ ಬೆಲ್ಲ ಹಾಕಿ ಮಾಡಿದ ಕರದಂಟನ್ನು 100ಕ್ಕೆ ಮಾರಿದರು. ಇವು ನಾನು ಪಾಠಕ್ಕೆ ಕಟ್ಟಿದ ಅಂಕಿಗಳು, ಅಂಗಡಿಗೆ ಹೋಗಿ ಇದೇ ಬೆಲೆ ಕೇಳಬೇಡಿ. 20, 35, 100 ಮೂರನ್ನೂ ಕೂಡಿಸಿ 155 ಎಂದರೆ ತಪ್ಪು. 100ರ ಒಳಗೇ 35 ಇದೆ, 35ರ ಒಳಗೇ 20 ಇದೆ. ಪ್ರತಿ ಹಂತದಲ್ಲೂ ಎಷ್ಟು ಹೆಚ್ಚಾಯಿತು ಎಂಬುದನ್ನು ಮಾತ್ರ ಕೂಡಿಸಬೇಕು. ಇದಕ್ಕೆ ಮೌಲ್ಯವರ್ಧನೆ ಎನ್ನುತ್ತಾರೆ. ಕರದಂಟಿಗೆ ಹಾಕುವ ಅಂಟು, ಒಣಹಣ್ಣು ಬಹಳ ಮಟ್ಟಿಗೆ ಹೊರಗಿನಿಂದ ಬರುವಂಥವು. ಅವುಗಳ ಬೆಲೆ ಹೊರಗೆ ಹೋಯಿತು. ಬೆಲ್ಲದ್ದು, ಮಾಡಿದ ಕೈಗಳದ್ದು, ಅಂಗಡಿಯದ್ದು ಇಲ್ಲಿ ಉಳಿಯಿತು. ಈ 'ಇಲ್ಲಿ ಉಳಿಯಿತು, ಹೊರಗೆ ಹೋಯಿತು' ಎಂಬ ಮಾತನ್ನು ನೆನಪಿಡಿ. ಮತ್ತೆ ಅದಕ್ಕೇ ಬರುತ್ತೇನೆ.

ಲೆಕ್ಕಕ್ಕೆ ಸಿಗದ್ದೂ ಇದೆ. ಅವ್ವ ಮನೆಯ ಎಮ್ಮೆ ಹಿಂಡಿ ಮಕ್ಕಳಿಗೆ ಕುಡಿಸಿದ ಹಾಲಿಗೆ ರಾಷ್ಟ್ರೀಯ ಆದಾಯದಲ್ಲಿ ಬೆಲೆ ಕಟ್ಟುತ್ತಾರೆ. ಆದರೆ ಅದೇ ಅವ್ವ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದದ್ದು, ನೀರು ಹೊತ್ತದ್ದು, ಮುದುಕರ ಆರೈಕೆ ಮಾಡಿದ್ದು ಲೆಕ್ಕದಲ್ಲಿಲ್ಲ. ಅದೇ ರೊಟ್ಟಿಯನ್ನು ಖಾನಾವಳಿಯಲ್ಲಿ ಬಡಿದರೆ ಲೆಕ್ಕಕ್ಕೆ ಬಂತು. ಅಂಕಿಗಳನ್ನು ಗೌರವಿಸಿ, ಆದರೆ ಅದರೊಳಗೆ ಯಾರಿಲ್ಲ ಎಂದೂ ಕೇಳಿ.

ಇನ್ನು ರಾವ್ ಅವರ ಎರಡನೆಯ ಕೊಡುಗೆ. ನನ್ನ ಮಟ್ಟಿಗೆ ಇದೇ ದೊಡ್ಡದು. ಅವರ ಗುರು ಕೇನ್ಸ್ ಒಂದು ಸಿದ್ಧಾಂತ ಹೇಳಿದ್ದರು. ಅದಕ್ಕೆ ಗುಣಕ ಎಂದು ಹೆಸರು.

ನಾನು ಸಣ್ಣವನಿದ್ದಾಗ ಇಲ್ಲಿ ಪಗಾರದ ದಿನ ಬೇರೆಯೇ ಇರುತ್ತಿತ್ತು. ಗಿರಣಿಯ ಭೋಂಗಾ ಆದ ಮೇಲೆ ಅಪ್ಪ ಮನೆಗೆ ಬರುವುದರೊಳಗೆ ಕಿರಾಣಿ ಅಂಗಡಿಯ ಉದ್ರಿ ತೀರಿರುತ್ತಿತ್ತು. ಅಂಗಡಿಯವರು ಆ ರೊಕ್ಕದಲ್ಲಿ ದರ್ಜಿಗೆ ಹೊಲಿಗೆಯ ಬಾಕಿ ಕೊಡುತ್ತಿದ್ದರು. ದರ್ಜಿ ಸಂತೆಗೆ ಹೋಗಿ ಜೋಳ ತರುತ್ತಿದ್ದ. ಜೋಳ ಮಾರಿದ ರೈತ ಮಗಳಿಗೆ ಪಾಟಿ ಕೊಳ್ಳುತ್ತಿದ್ದ. ಒಂದೇ ನೋಟು ನಾಲ್ಕು ಮನೆ ತಿರುಗಿ ನಾಲ್ಕು ಜನರ ಆದಾಯವಾಗುತ್ತಿತ್ತು. ಇದೇ ಗುಣಕ. ಪ್ರತಿಯೊಬ್ಬರೂ ಬಂದ ನೂರರಲ್ಲಿ 20 ಉಳಿಸಿ 80 ಖರ್ಚು ಮಾಡುತ್ತಾರೆ ಎನ್ನಿ. ಮೊದಲು 100, ಆಮೇಲೆ 80, ಆಮೇಲೆ 64, ಹೀಗೆ ಕೂಡುತ್ತ ಹೋದರೆ ಕೊನೆಗೆ 500 ಆಗುತ್ತದೆ. ಹತ್ತನೆಯ ತರಗತಿಯವರು ಶ್ರೇಢಿಗಳ ಪಾಠ ಓದಿದ್ದೀರಿ, ಮನೆಗೆ ಹೋಗಿ ಕೂಡಿಸಿ ನೋಡಿ. ಆದ್ದರಿಂದ ಸರಕಾರ ನೂರು ರೂಪಾಯಿ ಖರ್ಚು ಮಾಡಿದರೆ ಜನರ ಆದಾಯ ಅದರ ಹಲವು ಪಟ್ಟು ಬೆಳೆಯುತ್ತದೆ, ಮುಚ್ಚಿದ ಕಾರ್ಖಾನೆಗಳು ತೆರೆಯುತ್ತವೆ ಎಂಬುದು ಕೇನ್ಸ್ ಅವರ ತರ್ಕ. 1930ರ ದಶಕದ ಮಹಾಕುಸಿತದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ಯಂತ್ರಗಳೂ ಇದ್ದವು, ಕೆಲಸ ಕಳೆದುಕೊಂಡ ಕಾರ್ಮಿಕರೂ ಇದ್ದರು. ಕೊಳ್ಳುವವರಿರಲಿಲ್ಲ. ಅಂಥಲ್ಲಿ ಈ ಮಾತು ಸರಿ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮಲ್ಲೂ ಕೆಲವರು ಇದೇ ಔಷಧಿ ಸಾಕು ಎಂದುಕೊಂಡಿದ್ದರು. 1952ರಲ್ಲಿ ರಾವ್ ಒಂದು ಲೇಖನ ಬರೆದು, ಗುಣಕ ನಮ್ಮಂಥ ದೇಶದಲ್ಲಿ ಹಾಗೆ ಕೆಲಸ ಮಾಡುವುದಿಲ್ಲ ಎಂದರು. ಗುರುವನ್ನು ಅಲ್ಲಗಳೆಯಲಿಲ್ಲ. ಗುರುವಿನ ಮಾತು ಯಾವ ನೆಲದಲ್ಲಿ ಹುಟ್ಟಿತು, ನಮ್ಮ ನೆಲ ಅದಕ್ಕಿಂತ ಹೇಗೆ ಬೇರೆ ಎಂದು ತೋರಿಸಿದರು.

ಅವರ ವಾದವನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಕೈಯಲ್ಲಿ ರೊಕ್ಕ ಬಂದ ಬಡವ ಮೊದಲು ಕೊಳ್ಳುವುದು ಜೋಳ. ಬೇಡಿಕೆ ಹೆಚ್ಚಾಯಿತೆಂದು ರೈತ ನಾಳೆಯೇ ಹೆಚ್ಚು ಜೋಳ ಬೆಳೆಯಬಲ್ಲನೇ? ಮಳೆ ಬರಬೇಕು, ನೀರು ಬೇಕು, ಬೀಜ ಬೇಕು. ಜೊತೆಗೆ ಅವನೂ ಅರೆಹೊಟ್ಟೆಯವನೇ. ಬೆಲೆ ಏರಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಸಂತೆಗೆ ತರುವ ಬದಲು ಒಂದು ಚೀಲ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಆಗ ಸಂತೆಯಲ್ಲಿ ಮಾಲು ಹೆಚ್ಚುವುದಿಲ್ಲ, ದರ ಮಾತ್ರ ಹೆಚ್ಚುತ್ತದೆ. ಕೇನ್ಸ್ ಕಂಡ ನಿರುದ್ಯೋಗಿ ಕಾರ್ಖಾನೆಯ ಗೇಟಿನ ಹೊರಗೆ ನಿಂತಿದ್ದ, ಕಣ್ಣಿಗೆ ಕಾಣುತ್ತಿದ್ದ. ನಮ್ಮವನು ಕಾಣುವುದಿಲ್ಲ. ನಾಲ್ಕು ಜನ ಮಾಡುವ ಹೊಲದ ಕೆಲಸವನ್ನು ಒಂದೇ ಮನೆಯ ಆರು ಜನ ಮಾಡುತ್ತಿರುತ್ತಾರೆ. ಇದು ಮರೆಯಾದ ನಿರುದ್ಯೋಗ. ರೊಕ್ಕ ಸುರಿದ ಮಾತ್ರಕ್ಕೆ ಅವನು ಹೊಸ ಕೆಲಸಕ್ಕೆ ಹೋಗಲಾರ. ಹೋಗುವುದಕ್ಕೆ ಕೆಲಸದ ಜಾಗವೂ ಬೇಕು, ಕೈಗೆ ಕಸುಬೂ ಬೇಕು. ಒಟ್ಟಿನಲ್ಲಿ ರೂಪಾಯಿಯ ಲೆಕ್ಕದಲ್ಲಿ ಆದಾಯ ಬೆಳೆದಂತೆ ಕಾಣುತ್ತದೆ, ತಟ್ಟೆಯಲ್ಲಿ ರೊಟ್ಟಿ ಬೆಳೆಯುವುದಿಲ್ಲ.

ಕಾಲುವೆಯ ಕೊನೆಯ ಹೊಲದವರಿಗೆ ಇದು ಬೇಗ ತಿಳಿಯುತ್ತದೆ. ಮೇಲೆ ನೀರು ಬಿಟ್ಟದ್ದು ನಿಜ. ಆದರೆ ಹೊಲಗಾಲುವೆ ತೋಡಿಲ್ಲ, ಬದು ಕಟ್ಟಿಲ್ಲ ಎಂದರೆ ನೀರು ಹಳ್ಳ ಸೇರುತ್ತದೆ. ಹಣವೂ ಹಾಗೆಯೇ. ಸರಕಾರ ಖರ್ಚು ಮಾಡುವ ನೂರರಲ್ಲಿ 20 ಉಳಿತಾಯಕ್ಕೆ, 30 ಹೊರಗಿನ ಮಾಲಿಗೆ ಹೋದರೆ ಊರಲ್ಲಿ ತಿರುಗುವುದು 50 ಮಾತ್ರ. ಆಗ 500 ಆಗಬೇಕಾದದ್ದು 200ಕ್ಕೆ ನಿಲ್ಲುತ್ತದೆ. ಕರದಂಟಿನ ಪಾಠ ಇದೇ. ಇಲ್ಲಿ ಮಾಡುವ ಕೈ, ಇಲ್ಲಿಯ ಯಂತ್ರ, ಇಲ್ಲಿಯ ವಿದ್ಯೆ ಇದ್ದಷ್ಟೇ ಹಣ ಇಲ್ಲಿ ನಿಲ್ಲುತ್ತದೆ.

ಈ ನೆಲವೇ ಅದಕ್ಕೆ ಸಾಕ್ಷಿ. 1885ರಲ್ಲಿ ಗೋಕಾಕ ಮಿಲ್ ಸ್ಥಾಪನೆಯಾಯಿತು. ಫಾಲ್ಸ್‌ನ ನೀರಿನಿಂದ ಇಲ್ಲಿ ವಿದ್ಯುತ್ ಹುಟ್ಟಿದ್ದು 1887ರಲ್ಲಿ ಎಂಬುದು ನಿಮ್ಮಲ್ಲಿ ಎಷ್ಟೋ ಮಂದಿಗೆ ಬಾಯಿಪಾಠ. ಆ ನೀರು ಸಾವಿರಾರು ವರ್ಷ ಸುಮ್ಮನೆ ಬೀಳುತ್ತಿತ್ತು. ಸುಮಾರು 170 ಅಡಿ ಎತ್ತರದ ಆ ಬೀಳಿನ ಶಕ್ತಿಯನ್ನು ಹಿಡಿಯುವ ಯಂತ್ರ ಬಂದಾಗ ಅದು ನೂಲಾಯಿತು, ನೂಲು ಪಗಾರವಾಯಿತು, ಪಗಾರ ಊರಾಯಿತು. ಇನ್ನೊಂದು ಉದಾಹರಣೆ ಪಕ್ಕದ ಹುಕ್ಕೇರಿ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಮೊದಲ ಕೆಲವೇ ಸಂಘಗಳಲ್ಲಿ ಅದೊಂದು. ಊರಿನವರೇ ಸದಸ್ಯರಾದ ಸಂಘ ಹಳ್ಳಿಗಳಿಗೆ ತಂತಿ ಎಳೆಯಿತು. ಬಾವಿಗೆ ಪಂಪು ಬಂದ ಮೇಲೆ ರೈತ ಬೇಡಿಕೆಗೆ ತಕ್ಕಂತೆ ಬೆಳೆಯಬಲ್ಲವನಾಗುತ್ತಾನೆ. ರಾವ್ ಹೇಳಿದ ತೊಡಕು ಬಿಚ್ಚುವುದು ಇಂಥ ಕಡೆ.

ರಾವ್ ಬರೆಯುವುದಕ್ಕಷ್ಟೇ ನಿಲ್ಲಲಿಲ್ಲ. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಸ್ಥಾಪಿಸಿದರು. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು. ಅವರು ಕೇಂದ್ರ ಶಿಕ್ಷಣ ಸಚಿವರಾಗಿದ್ದಾಗಲೇ, 1969ರ ಗಾಂಧಿ ಶತಾಬ್ದಿಯ ವರ್ಷ, ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ನಾಳೆ ಕಾಲೇಜಿಗೆ ಹೋಗಿ ಎನ್ನೆಸ್ಸೆಸ್ ಶಿಬಿರದಲ್ಲಿ ಸಲಿಕೆ ಹಿಡಿದಾಗ ಅವರ ಹೆಸರು ನೆನೆಯಿರಿ.

ಈಗ ಎರಡನೆಯವರ ಬಳಿ ಬರೋಣ. ಇಡೀ ದೇಶದ ಸರಾಸರಿ ತಿಳಿಯಿತು, ಸರಿ. ಆದರೆ ಸರಾಸರಿ ಎಂಬುದು ಬಹಳ ಮುಚ್ಚಿಡುತ್ತದೆ. ಒಬ್ಬ ಹುಡುಗನಿಗೆ ಗಣಿತದಲ್ಲಿ 95, ಇನ್ನೊಬ್ಬನಿಗೆ 15. ಇಬ್ಬರ ಸರಾಸರಿ 55. ಕಾಗದದ ಮೇಲೆ ಇಬ್ಬರೂ ಪಾಸು. ಮಾಸ್ತರರು ಸರಾಸರಿ ನೋಡಿ ಕುಳಿತರೆ ಎರಡನೆಯ ಹುಡುಗನ ಗತಿ ಏನು? ಕರ್ನಾಟಕದ ತಲಾ ಆದಾಯ ಎಂಬ ಅಂಕಿಯಲ್ಲಿ ಬೆಂಗಳೂರೂ ಇದೆ, ದೇವದುರ್ಗವೂ ಇದೆ.

ಡಾ. ಡಿ.ಎಂ. ನಂಜುಂಡಪ್ಪ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮುಂದೆ ಅದೇ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಗಳಾದರು. ರಾಜ್ಯ ಸರಕಾರದ ಆರ್ಥಿಕ ಸಲಹೆಗಾರರಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ದುಡಿದರು. ಸಾರ್ವಜನಿಕ ಹಣಕಾಸು, ಅಂದರೆ ತೆರಿಗೆ ಹಾಗೂ ಸರಕಾರದ ಖರ್ಚಿನ ಶಾಸ್ತ್ರ ಅವರ ಕ್ಷೇತ್ರ. 2000ದಲ್ಲಿ ಸರಕಾರ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಉನ್ನತಾಧಿಕಾರ ಸಮಿತಿ ನೇಮಿಸಿತು. 2002ರ ಜೂನ್‌ನಲ್ಲಿ ವರದಿ ಬಂತು. 'ನಂಜುಂಡಪ್ಪ ವರದಿ' ಎಂದು ನಮ್ಮ ಭಾಗದ ಪ್ರತಿ ಭಾಷಣದಲ್ಲೂ ಕೇಳಿದ್ದೀರಿ. ಅದರೊಳಗೆ ಏನಿದೆ ಎಂದು ಹೇಳುವವರು ಕಡಿಮೆ.

ಆ ಸಮಿತಿ ಜಿಲ್ಲೆಯ ಸರಾಸರಿಗೆ ನಿಲ್ಲದೆ ತಾಲೂಕಿನವರೆಗೆ ಇಳಿಯಿತು. ಆಗ ರಾಜ್ಯದಲ್ಲಿ 175 ತಾಲೂಕುಗಳಿದ್ದವು. ಪ್ರತಿಯೊಂದನ್ನೂ 35 ಸೂಚಕಗಳಲ್ಲಿ ಅಳೆದರು. ನೀರಾವರಿ, ರಸ್ತೆ, ಬ್ಯಾಂಕು, ವೈದ್ಯರು, ಕುಡಿಯುವ ನೀರು, ಸಾಕ್ಷರತೆ, ಶಿಕ್ಷಕರಿಗೆ ಎಷ್ಟು ಮಕ್ಕಳು, ಶಾಲೆಯ ಹೊರಗೆ ಎಷ್ಟು ಮಕ್ಕಳು, ಹೀಗೆ. ಎಲ್ಲವನ್ನೂ ಕೂಡಿಸಿ ಒಂದು ಸೂಚ್ಯಂಕ ಮಾಡಿದರು. ರಾಜ್ಯದ ಸರಾಸರಿಗೆ 1 ಎಂಬ ಬೆಲೆ. 1ಕ್ಕಿಂತ ಕೆಳಗಿದ್ದ ತಾಲೂಕು ಹಿಂದುಳಿದದ್ದು. ಫಲಿತಾಂಶ ನೋಡಿ: 175ರಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಇಲ್ಲೊಂದು ಸತ್ಯವಿದೆ, ಅದನ್ನು ಎರಡೂ ಕಡೆಯವರು ಮರೆಯುತ್ತಾರೆ. 114ರಲ್ಲಿ ಉತ್ತರ ಕರ್ನಾಟಕದವು 59, ದಕ್ಷಿಣದವು 55. ಅಂದರೆ ಹಿಂದುಳಿದಿರುವಿಕೆ ಬರೀ ಉತ್ತರದ ಸೊತ್ತಲ್ಲ. ಆದರೆ ಅತ್ಯಂತ ಹಿಂದುಳಿದ 39ನ್ನು ನೋಡಿದರೆ 26 ಉತ್ತರದಲ್ಲಿವೆ, ಅದರಲ್ಲೂ 21 ಕಲಬುರಗಿ ವಿಭಾಗದಲ್ಲಿ. ನಮ್ಮ ಬೆಳಗಾವಿ ವಿಭಾಗದ್ದು ಐದು. ಕೂಗು ಒಂದೇ ಆಗಿದ್ದರೂ ನೋವು ಎಲ್ಲ ಕಡೆ ಒಂದೇ ಅಲ್ಲ ಎಂದು ಅಂಕಿಗಳು ಹೇಳಿದವು. ಭಾಷಣಕ್ಕೂ ಸಂಶೋಧನೆಗೂ ಇರುವ ವ್ಯತ್ಯಾಸ ಇದು. ಭಾಷಣ 'ನಮಗೆ ಅನ್ಯಾಯವಾಗಿದೆ' ಎನ್ನುತ್ತದೆ. ಸಂಶೋಧನೆ ಎಲ್ಲಿ, ಯಾವುದರಲ್ಲಿ, ಎಷ್ಟು ಎಂದು ತೋರಿಸುತ್ತದೆ. ತೋರಿಸಿದ ಮೇಲೆ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಸಮಿತಿ ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆ ಸೂಚಿಸಿತು. ಅದರಲ್ಲಿ ಶೇ. 60 ಉತ್ತರಕ್ಕೆ, ಶೇ. 40 ದಕ್ಷಿಣಕ್ಕೆ. 2003-04ರಿಂದ ಆರಂಭವಾಗಬೇಕೆಂಬುದು ಶಿಫಾರಸು. ಯೋಜನೆ ಜಾರಿಗೆ ಬಂದದ್ದು 2007-08ರಲ್ಲಿ. ನಾಲ್ಕು ವರ್ಷ ತಡವಾದರೆ ಏನಾಯಿತು ಎನ್ನಬಹುದು. ಲೆಕ್ಕ ಹಾಕಿ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೂ 2002ರಲ್ಲಿ 100 ರೂಪಾಯಿಗೆ ಆಗುತ್ತಿದ್ದ ಕೆಲಸಕ್ಕೆ 2007ರಲ್ಲಿ ಸುಮಾರು 128 ರೂಪಾಯಿ ಬೇಕು. ಅಂಕಿ ಅದೇ 31,000 ಕೋಟಿ ಉಳಿದರೆ ಕಟ್ಟುವ ಶಾಲಾ ಕೋಣೆಗಳು ಕಡಿಮೆಯಾದವು ಎಂದರ್ಥ. ಇನ್ನೂ ಒಂದು ಸೂಕ್ಷ್ಮ. ಆಯವ್ಯಯದಲ್ಲಿ ಘೋಷಣೆ ಬೇರೆ, ಬಿಡುಗಡೆ ಬೇರೆ, ಖರ್ಚು ಬೇರೆ. ಪತ್ರಿಕೆಯಲ್ಲಿ ಬರುವುದು ಮೊದಲನೆಯದು. ನಮ್ಮ ಊರಿಗೆ ತಲುಪುವುದು ಮೂರನೆಯದು. ದೊಡ್ಡವರಾದ ಮೇಲೆ ಯಾರಾದರೂ ಕೋಟಿಗಳ ಲೆಕ್ಕ ಹೇಳಿದರೆ, 'ಈ ಮೂರರಲ್ಲಿ ಯಾವುದ್ರೀ ಇದು?' ಎಂದು ವಿನಯದಿಂದ ಕೇಳಿ.

ನಂಜುಂಡಪ್ಪ ಅವರು 2005ರಲ್ಲಿ ತೀರಿಕೊಂಡರು. ಅವರ ವರದಿ ಹಳೆಯದಾಗುತ್ತಿದೆ. ಆ ಪಟ್ಟಿಯಲ್ಲಿ ಮೂಡಲಗಿ ಎಂಬ ಸಾಲೇ ಇಲ್ಲ, ಏಕೆಂದರೆ ಆಗ ಅದು ಗೋಕಾಕ ತಾಲೂಕಿನ ಭಾಗ. ಮೂಡಲಗಿಯ ಕಷ್ಟಸುಖ ಗೋಕಾಕದ ಸರಾಸರಿಯೊಳಗೆ ಅಡಗಿತ್ತು. ಈಗ ರಾಜ್ಯದಲ್ಲಿ ಸುಮಾರು 240 ತಾಲೂಕುಗಳಿವೆ. 2024ರಲ್ಲಿ ಸರಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಿಸಿ ಮತ್ತೆ ಅಳೆಯುವ ಕೆಲಸಕ್ಕೆ ಚಾಲನೆ ಕೊಟ್ಟಿತು. ಗೋವಿಂದ ರಾವ್ ಅವರು ವಿ.ಕೆ.ಆರ್.ವಿ. ರಾವ್ ಕಟ್ಟಿದ ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಒಬ್ಬರು ಹಚ್ಚಿದ ದೀಪದಿಂದ ಇನ್ನೊಬ್ಬರು ಹಚ್ಚಿಕೊಳ್ಳುವುದು ವಿದ್ಯೆಯ ರೀತಿ.

ಎರಡೂ ಪಾಠಗಳನ್ನು ಈಗ ಕೂಡಿಸುತ್ತೇನೆ. ರಾವ್ ಹೇಳಿದ್ದು: ಹಣ ಸುರಿದರೆ ಸಾಲದು, ಅದನ್ನು ಹಿಡಿದು ಬೆಳೆಸುವ ಶಕ್ತಿ ಜನರಲ್ಲಿ, ನೆಲದಲ್ಲಿ ಇರಬೇಕು. ನಂಜುಂಡಪ್ಪ ಹೇಳಿದ್ದು: ಆ ಶಕ್ತಿ ಎಲ್ಲಿ ಕಡಿಮೆ ಇದೆ ಎಂದು ಹತ್ತಿರ ಹೋಗಿ ಎಣಿಸಬೇಕು. ನಾನು ಹೇಳಲು ಬಂದ ಒಂದೇ ಮಾತು ಇಷ್ಟೇ.

ಆದರೆ ತಾಲೂಕಿಗಿಂತ ಹತ್ತಿರ ಇನ್ನೊಂದು ಲೆಕ್ಕವಿದೆ. ಎಂಟನೆಯ ತರಗತಿಯಲ್ಲಿ ನನ್ನ ಜೊತೆ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ನನಗಿಂತ ಮುಂದೆ. ಮಾಸ್ತರರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುತ್ತಿದ್ದಳು. ಒಂಬತ್ತಕ್ಕೆ ಬಂದಳು, ದೀಪಾವಳಿ ರಜೆಯಾದ ಮೇಲೆ ಬರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಂಜುಂಡಪ್ಪ ಸಮಿತಿಯ 35 ಸೂಚಕಗಳಲ್ಲಿ ಶಾಲೆಯ ಹೊರಗಿರುವ ಮಕ್ಕಳ ಲೆಕ್ಕ ಇದೆ, ಆದರೆ ಅದು 6ರಿಂದ 14 ವರ್ಷದವರದ್ದು. ಶಾಲೆ ಬಿಟ್ಟಾಗ ಅವಳಿಗೆ ಹದಿನೈದು. ಅವಳಂಥವರು ಆ ಲೆಕ್ಕದಲ್ಲೂ ಬರುವುದಿಲ್ಲ. ಅವಳು ಪ್ರಾಧ್ಯಾಪಕಿಯಾಗಿ ಇಲ್ಲಿ ನಿಂತು ಮಾತಾಡಬೇಕಿತ್ತು, ನಾನು ಕೆಳಗೆ ಕುಳಿತು ಕೇಳಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಲೆಕ್ಕ ಎಲ್ಲಿದೆ ಗೊತ್ತೇ? ಈ ಶಾಲೆಯ ಕಪಾಟಿನಲ್ಲಿದೆ. ಐವತ್ತು ವರ್ಷಗಳ ದಾಖಲಾತಿ ವಹಿಗಳಿವೆ. ಪ್ರತಿ ವರ್ಷ ಎಂಟಕ್ಕೆ ಎಷ್ಟು ಮಕ್ಕಳು ಸೇರಿದರು, ಮೂರನೆಯ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಎಷ್ಟು ಮಕ್ಕಳು ಕುಳಿತರು, ಗಂಡು ಎಷ್ಟು, ಹೆಣ್ಣು ಎಷ್ಟು, ಯಾವ ಹಳ್ಳಿಯವರು ನಡುವೆ ಬಿಟ್ಟರು. ಬೇರೆ ಶಾಲೆಗೆ ಹೋದವರನ್ನು ಬೇರೆ ಬರೆದು, ಉಳಿದವರನ್ನು ಎಣಿಸಬೇಕು. ಇದಕ್ಕೆ ಯಾವ ಸಮಿತಿಯೂ ಬೇಡ. ನಾಲ್ಕು ಜನ ವಿದ್ಯಾರ್ಥಿಗಳು, ಒಬ್ಬರು ಗಣಿತದ ಶಿಕ್ಷಕರು, ಕೆಲವು ಶನಿವಾರಗಳು ಸಾಕು. ಮಕ್ಕಳೇ, ಬಾಕಿ ಉಳಿದ ಮೂರನೆಯ ಲೆಕ್ಕ ಇದು. ಮಾಡಬೇಕಾದವರು ನೀವು.

ಹಿರಿಯರಿಗೂ ಒಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ದೊಡ್ಡ ಕಮಾನು ಕಟ್ಟಬೇಕೆಂಬ ಮಾತು ನಡೆದಿದೆ ಎಂದು ಕೇಳಿದೆ. ಕಮಾನು ಬೇಡ ಎನ್ನುವಷ್ಟು ಒರಟ ನಾನಲ್ಲ. ಗೌಂಡಿಗೆ ಒಂದು ತಿಂಗಳು ಕೆಲಸ ಸಿಗುತ್ತದೆ, ಆ ರೊಕ್ಕ ಒಂದೆರಡು ಸುತ್ತು ತಿರುಗುತ್ತದೆ. ಆಮೇಲೆ ನಿಲ್ಲುತ್ತದೆ. ಮೊದಲು ಆ ವಹಿಗಳ ಲೆಕ್ಕ ಮಾಡಿಸಿ. ಹೆಣ್ಣುಮಕ್ಕಳು ಬಿಡುವುದು ದೂರದ ಹಳ್ಳಿಗಳಿಂದ ಎಂದು ಕಂಡರೆ ಹಣ ವಾಹನ ವ್ಯವಸ್ಥೆಗೆ ಹೋಗಲಿ. ಗಣಿತ, ಇಂಗ್ಲಿಷಿನಲ್ಲಿ ನಪಾಸಾಗಿ ಬಿಡುತ್ತಾರೆ ಎಂದು ಕಂಡರೆ ಸಂಜೆಯ ಪಾಠಕ್ಕೆ ಹೋಗಲಿ. ಮನೆಯ ಬಡತನ ಎಂದು ಕಂಡರೆ ಶಿಷ್ಯವೇತನಕ್ಕೆ ಹೋಗಲಿ. ಉಳಿದದ್ದರಲ್ಲಿ ಕಮಾನು ಕಟ್ಟಿ, ನಾನೇ ಬಂದು ತೆಂಗಿನಕಾಯಿ ಒಡೆಯುತ್ತೇನೆ. ಎಣಿಸದೆ ಖರ್ಚು ಮಾಡಿದ ಹಣ ಹೊಲಗಾಲುವೆ ಇಲ್ಲದ ನೀರಿನಂತೆ ಹಳ್ಳ ಸೇರಬಾರದು.

ಅಪ್ಪ ಹೇಳಿದ್ದು ಸರಿ. ರೊಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋತು ಎಂಬುದು ಅವ್ವನಿಗೆ ಗೊತ್ತಿತ್ತು. ಯಾವ ಮಗನ ಅಂಗಿ ಹರಿದಿದೆ, ಯಾರ ಫೀ ಕಟ್ಟಬೇಕು ಎಂದು ನೋಡಿಯೇ ಅವಳು ಪಗಾರದ ಗಂಟು ಬಿಚ್ಚುತ್ತಿದ್ದಳು. ದೇಶದ ಹಣವನ್ನೂ ಹಾಗೆ ಖರ್ಚು ಮಾಡಿ ಎಂದು ಹೇಳುವುದಕ್ಕೇ ರಾವ್, ನಂಜುಂಡಪ್ಪ ಅವರಂಥವರು ಜೀವಮಾನವಿಡೀ ಅಂಕಿಗಳ ನಡುವೆ ಕುಳಿತರು.

ಐವತ್ತು ವರ್ಷ ಸಾವಿರಾರು ಮಕ್ಕಳ ಕೈಹಿಡಿದ ಈ ಶಾಲೆಗೆ, ಇಲ್ಲಿ ಕಲಿಸಿದ ಎಲ್ಲ ಗುರುಗಳಿಗೆ ತಲೆಬಾಗುತ್ತೇನೆ. ನೂರನೆಯ ವರ್ಷದ ಸಮಾರಂಭದಲ್ಲಿ ಮಾತಾಡುವವಳು ಈಗ ಈ ಮುಂದಿನ ಸಾಲಿನಲ್ಲೇ ಕುಳಿತಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.